ಬಿಲ್ ರೋಲ್ ಕಾಗದದಲ್ಲಿ ಓಡುವ ಪುಟ್ಟ ಕೊಲೊಸಸ್: ಕಟ್ಟಿದ ಬಗೆ, ಓಡಿಸಿದ ಲೆಕ್ಕ

ಕೊಲೊಸಸ್ ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಗುಪ್ತ ಸಂದೇಶಗಳನ್ನು ಬಿಡಿಸಲು ಬ್ರಿಟನ್ನಿನಲ್ಲಿ ಕಟ್ಟಿದ ಎಲೆಕ್ಟ್ರಾನಿಕ್ ಯಂತ್ರ. ಅದು ಅಲನ್ ಟ್ಯೂರಿಂಗ್ ಕಟ್ಟಿದ್ದು, ಎನಿಗ್ಮಾ ಎಂಬ ಜರ್ಮನ್ ಯಂತ್ರದ ಸಂಕೇತವನ್ನು ಬಿಡಿಸಿತು ಎಂದು ಇವತ್ತಿಗೂ ಅಲ್ಲಲ್ಲಿ ಓದಲು ಸಿಗುತ್ತದೆ. ಎರಡೂ ಮಾತು ತಪ್ಪು. ಅದನ್ನು ಕಟ್ಟಿದ್ದು ಬ್ರಿಟನ್ನಿನ ಅಂಚೆ ಇಲಾಖೆಯಲ್ಲಿದ್ದ ಟೆಲಿಫೋನ್ ಎಂಜಿನಿಯರ್ ಟಾಮಿ ಫ್ಲವರ್ಸ್ ಮತ್ತು ಅವರ ಜೊತೆಗಾರರು. ಅದು ಬೆನ್ನು ಹತ್ತಿದ್ದು ಜರ್ಮನ್ ಸೇನೆ ಸಂದೇಶಗಳಿಗೆ ಬೀಗ ಹಾಕಲು ಬಳಸುತ್ತಿದ್ದ ಲೊರೆಂಜ್ ಎಂಬ ಬೇರೆಯೇ ಯಂತ್ರವನ್ನು. ದಾರಿ ತೋರಿದ ಗಣಿತ ಬಿಲ್ ಟಟ್ ಎಂಬ ತರುಣನದು. ಹಗಲೂ ರಾತ್ರಿ ಪಾಳಿಯಲ್ಲಿ ನಿಂತು ಓಡಿಸಿದವರು ನೌಕಾಪಡೆಯ ಮಹಿಳಾ ದಳದ ಯುವತಿಯರು. ಈ ನಾಲ್ಕು ಸಂಗತಿಗಳನ್ನು ಓದಿ ತಿಳಿಯುವುದಕ್ಕೂ, ಆ ಯಂತ್ರದ ಒಂದು ತುಂಡನ್ನಾದರೂ ಕೈಯಾರೆ ಕಟ್ಟಿ ಅದು ಎಣಿಸುವುದನ್ನು ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ. ಆ ತುಂಡನ್ನು ಕಟ್ಟಿದ ಕ್ರಮವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಚಿಪ್ಪುಗಳ ಹೆಸರು, ಅಳತೆ ಎಲ್ಲ ಕೊಟ್ಟಿದ್ದೇನೆ. ಬೆಸುಗೆ ಹಾಕಲು ಬರುವವರು ಯಾರು ಬೇಕಾದರೂ ಕಟ್ಟಬಹುದು.

ಏನನ್ನು ಎಣಿಸಬೇಕು

ಲೊರೆಂಜ್ ಯಂತ್ರ ಟೆಲಿಪ್ರಿಂಟರಿಗೆ, ಅಂದರೆ ಒತ್ತಿದ ಅಕ್ಷರವನ್ನು ದೂರಕ್ಕೆ ಕಳಿಸಿ ಅಲ್ಲಿ ಮುದ್ರಿಸುವ ಯಂತ್ರಕ್ಕೆ, ಜೋಡಿಸುವಂಥದ್ದು. ಟೆಲಿಪ್ರಿಂಟರಿನಲ್ಲಿ ಪ್ರತಿ ಅಕ್ಷರಕ್ಕೂ ಐದು ಬಿಟ್. 'ಎ' ಅಂದರೆ 11000, 'ಐ' ಅಂದರೆ 01100. ಎರಡನ್ನೂ ಎಕ್ಸ್‌ಆರ್ ಮಾಡಿದರೆ (ಬಿಟ್ಟುಗಳು ಒಂದೇ ಆಗಿದ್ದಲ್ಲಿ 0, ಬೇರೆಯಾಗಿದ್ದಲ್ಲಿ 1 ಬರೆದರೆ) 10100, ಅಂದರೆ 'ಎಸ್'. ಆ 'ಎಸ್' ಮೇಲೆ ಮತ್ತೆ 'ಐ' ಹಾಕಿದರೆ 'ಎ' ವಾಪಸು ಬರುತ್ತದೆ. ಕಳಿಸುವ ಕಡೆ ಬೀಗ ಹಾಕಿದ ಅದೇ ಅಕ್ಷರಸಾಲು ತಲುಪುವ ಕಡೆ ಬೀಗ ತೆಗೆಯುತ್ತದೆ. ಲೊರೆಂಜ್ ಮಾಡುತ್ತಿದ್ದುದು ಇಷ್ಟೇ. ಆದರೆ ಆ ಸಾಲನ್ನು ಹೊರಡಿಸಲು ಅದರಲ್ಲಿ ಹನ್ನೆರಡು ಚಕ್ರಗಳಿದ್ದವು. ಖೈ, ಪ್ಸೈ ಎಂಬವು ಗ್ರೀಕ್ ಅಕ್ಷರಗಳಿಂದ ಬಂದ ಹೆಸರು. ಪ್ರತಿ ಅಕ್ಷರಕ್ಕೂ ತಪ್ಪದೆ ಒಂದು ಮನೆ ಮುಂದೆ ಹೋಗುವ ಐದು ಖೈ ಚಕ್ರಗಳಲ್ಲಿ 41, 31, 29, 26, 23 ಮನೆಗಳು. ಒಮ್ಮೆ ಹೋಗಿ ಒಮ್ಮೆ ನಿಲ್ಲುವ ಐದು ಪ್ಸೈ ಚಕ್ರಗಳಲ್ಲಿ 43, 47, 51, 53, 59 ಮನೆಗಳು. ಪ್ಸೈ ಹೋಗಬೇಕೋ ನಿಲ್ಲಬೇಕೋ ಎಂದು ತೀರ್ಮಾನಿಸುವ ಎರಡು ಚಾಲಕ ಚಕ್ರಗಳಲ್ಲಿ 61 ಮತ್ತು 37. ಮನೆಗೊಂದರಂತೆ ಒಟ್ಟು 501 ಕಡ್ಡಿ. ಪ್ರತಿ ಕಡ್ಡಿಯನ್ನೂ ಎತ್ತಬಹುದು, ಇಳಿಸಬಹುದು.

ಈ ಅಂಕಿಗಳನ್ನು ನಾನಿಲ್ಲಿ ಸಲೀಸಾಗಿ ಬರೆದೆ. ಆದರೆ ಬ್ರಿಟನ್ನಿನ ಗುಪ್ತ ಸಂಕೇತಭೇದನ ಕೇಂದ್ರವಾಗಿದ್ದ ಬ್ಲೆಚ್ಲಿ ಪಾರ್ಕಿನಲ್ಲಿ ಯುದ್ಧ ಮುಗಿಯುವ ಹೊತ್ತಿನವರೆಗೆ ಯಾರೂ ಆ ಯಂತ್ರವನ್ನು ಕಣ್ಣಿಂದ ಕಂಡಿರಲಿಲ್ಲ. 1941ರ ಆಗಸ್ಟ್ 30ರಂದು ಅಥೆನ್ಸಿನಿಂದ ವಿಯೆನ್ನಾಕ್ಕೆ ಸುಮಾರು 4,000 ಅಕ್ಷರದ ಒಂದು ಸಂದೇಶ ಹೋಯಿತು. ಸರಿಯಾಗಿ ತಲುಪಲಿಲ್ಲವೆಂದು ಅದನ್ನೇ ಮತ್ತೆ ಕಳಿಸಿದರು. ಚಕ್ರಗಳನ್ನು ಅದೇ ಜಾಗಕ್ಕೆ ತಿರುಗಿಸಿಕೊಂಡು, ಕೆಲವು ಪದಗಳನ್ನು ಮೊಟಕು ಮಾಡಿ. ಬ್ಲೆಚ್ಲಿಯ ಸಂಕೇತತಜ್ಞ ಜಾನ್ ಟಿಲ್ಟ್‌ಮನ್ ಎರಡನ್ನೂ ಒಂದರ ಮೇಲೊಂದಿಟ್ಟು ಸಂದೇಶವನ್ನೂ ಬೀಗದ ಸಾಲನ್ನೂ ಬೇರ್ಪಡಿಸಿದರು. ಆ ಸಾಲು ಟಟ್ ಕೈಗೆ ಬಂತು. ಕೇಂಬ್ರಿಜ್‌ನಲ್ಲಿ ರಸಾಯನಶಾಸ್ತ್ರ ಓದಿ ಬಂದಿದ್ದ ತೋಟದ ಮಾಲಿಯ ಮಗ ಆತ. ಮೊದಲ ಬಿಟ್ಟನ್ನು ಮಾತ್ರ ತೆಗೆದುಕೊಂಡು ಸಾಲಿಗೆ 575ರಂತೆ ಬರೆದರೆ ಪುನರಾವರ್ತನೆ ಓರೆಯಾಗಿ ಕಾಣಿಸಿತು; 574ರಂತೆ ಬರೆದಾಗ ನೆಟ್ಟಗಾಯಿತು; 574ರೊಳಗೆ ಅಡಗಿದ್ದ 41 ಹೊರಬಿತ್ತು. 1942ರ ಜನವರಿಯ ಹೊತ್ತಿಗೆ ಟಟ್ ಮತ್ತು ಸಂಗಡಿಗರು ಹನ್ನೆರಡೂ ಚಕ್ರಗಳನ್ನು ಕಾಗದದ ಮೇಲೆ ಕಟ್ಟಿ ನಿಲ್ಲಿಸಿದ್ದರು. ಎರಡನೇ ಮಹಾಯುದ್ಧದ ಬೌದ್ಧಿಕ ಸಾಧನೆಗಳಲ್ಲಿ ಇದಕ್ಕಿಂತ ಮೇಲಿನದು ನನಗಂತೂ ಕಾಣುವುದಿಲ್ಲ.

ನಾನು ಕಟ್ಟಿದ್ದು ಅದರ ಮುಂದಿನ ಹೆಜ್ಜೆ. 1942ರ ನವೆಂಬರಿನಲ್ಲಿ ಟಟ್ ಕೊಟ್ಟ ದಾರಿ ಅದು. ಸಂಕೇತದ ಮೊದಲ ಮತ್ತು ಎರಡನೇ ಬಿಟ್‌ಗಳನ್ನು ಮೇಲಿನ ರೀತಿಯಲ್ಲೇ ಕೂಡಿಸಿ, ಪ್ರತಿ ಅಕ್ಷರಕ್ಕೂ ಅದರ ಹಿಂದಿನ ಅಕ್ಷರಕ್ಕೂ ಇರುವ ವ್ಯತ್ಯಾಸ ತೆಗೆಯಿರಿ. ಪ್ಸೈ ಚಕ್ರಗಳು ನಿಂತಲ್ಲೆಲ್ಲ ಅವುಗಳ ವ್ಯತ್ಯಾಸ ಸೊನ್ನೆ. ಹಾಗಾಗಿ ಆ ಜೋಡಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಸಲ ಸೊನ್ನೆಯೇ ಇರುತ್ತದೆ. ಮೂಲ ಬರಹದಲ್ಲೂ ಸೊನ್ನೆ ಅರ್ಧಕ್ಕಿಂತ ಹೆಚ್ಚು. ಜರ್ಮನ್ ಸಂದೇಶಗಳಲ್ಲಿ ಸುಮಾರು ಅರವತ್ತು ಎಂದಿಟ್ಟುಕೊಳ್ಳಿ. ಎರಡನ್ನೂ ಸೇರಿಸಿ ನೋಡಿ: 0.7 × 0.6 ಮತ್ತು 0.3 × 0.4, ಒಟ್ಟು 0.54. ಅಂದರೆ ಮೊದಲೆರಡು ಖೈ ಚಕ್ರಗಳು ಹೊರಟ ಜಾಗವನ್ನು ಸರಿಯಾಗಿ ಊಹಿಸಿ ಅವನ್ನು ಕಳೆದರೆ ನೂರಕ್ಕೆ 54 ಸೊನ್ನೆ. ತಪ್ಪಾಗಿ ಊಹಿಸಿದರೆ 50. ಆ ನಾಲ್ಕರ ವ್ಯತ್ಯಾಸದ ಮೇಲೆ ಇಡೀ ಕೊಲೊಸಸ್ ನಿಂತಿದೆ.

ಪಂಚಾಂಗದಲ್ಲಿ ವಾರ ಏಳಕ್ಕೆ ಸುತ್ತುತ್ತದೆ, ನಕ್ಷತ್ರ ಇಪ್ಪತ್ತೇಳಕ್ಕೆ. ಹಾಗೆಯೇ ಇಲ್ಲಿ ಒಂದು ಚಕ್ರ 41ಕ್ಕೆ, ಇನ್ನೊಂದು 31ಕ್ಕೆ. ಹೊರಡುವ ಜಾಗಗಳ ಜೋಡಿ ಒಟ್ಟು 1,271. ಪ್ರತಿ ಜೋಡಿಗೂ ಸಂದೇಶವನ್ನು ತಲೆಯಿಂದ ಬಾಲದವರೆಗೆ ಒಮ್ಮೆ ಎಣಿಸಬೇಕು. ಕೈಯಲ್ಲಿ ಆಗುವ ಕೆಲಸವಲ್ಲ ಅದು.

ಸಂದೇಶದ ಉದ್ದವನ್ನು ಮೊದಲು ನಿರ್ಧರಿಸಿಕೊಳ್ಳಬೇಕು. 2,000 ಅಕ್ಷರವಾದರೆ ಸರಾಸರಿ 1,000, ಸಹಜ ಏರಿಳಿತದ ಅಳತೆ ಸುಮಾರು 22; ಸರಿಯಾದ ಜಾಗದಲ್ಲಿ 1,080 ಬರುತ್ತದೆ. 1,271 ಜಾಗಗಳಿರುವಾಗ ಬರೀ ಅದೃಷ್ಟದಿಂದಲೇ ಅದರ ಹತ್ತಿರಕ್ಕೆ ಬರುವ ಸುಳ್ಳು ಜಾಗಗಳಿರುತ್ತವೆ. 4,000 ಅಕ್ಷರವಾದರೆ ಸರಾಸರಿ 2,000, ಏರಿಳಿತ 32ರಷ್ಟು, ಸರಿ ಜಾಗ 2,160, ಸಂಶಯಕ್ಕೆ ಎಡೆಯಿಲ್ಲ. ಹಾಗಾಗಿ 4,000.

ಕಾಗದ

ಆಗಿನ ಟೆಲಿಪ್ರಿಂಟರ್ ಟೇಪಿನಲ್ಲಿ ಐದು ಸಾಲು ತೂತು, ನಡುವೆ ಹಲ್ಲುಚಕ್ರಕ್ಕೆಂದು ಚಿಕ್ಕ ತೂತಿನ ಒಂದು ಸಾಲು. ಇಂಚಿಗೆ ಹತ್ತು ಅಕ್ಷರ. ತೂತು ಹೊಡೆಯುವ ಯಂತ್ರ ಈಗ ಹುಡುಕಿದರೂ ಸಿಗುವುದು ಕಷ್ಟ. ಅಂಗಡಿಗಳಲ್ಲಿ ಬಿಲ್ ಕೊಡುವ 58 ಮಿ.ಮೀ. ಥರ್ಮಲ್ ಪ್ರಿಂಟರ್ ಎಸ್‌.ಪಿ. ರೋಡಿನಲ್ಲಿ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ, ಯಾವಾಗ ಹೋದರೂ ಸಿಗುತ್ತದೆ. ಅದರ ರೋಲು ಹತ್ತು ಮೀಟರಿಗಿಂತ ಉದ್ದ, ನಡುವೆ ಎಲ್ಲೂ ಜೋಡಣೆ ಇಲ್ಲ. ತೂತಿನ ಬದಲು ಕಪ್ಪು ಗುರುತು.

ಆ ಪ್ರಿಂಟರ್ ಮಿಲಿಮೀಟರಿಗೆ ಎಂಟು ಚುಕ್ಕೆ ಹೊಡೆಯುತ್ತದೆ. ಒಂದು ಅಕ್ಷರಕ್ಕೆ 20 ಚುಕ್ಕೆ, ಅಂದರೆ 2.5 ಮಿ.ಮೀ. ಕೊಟ್ಟೆ, 4,000 ಅಕ್ಷರಕ್ಕೆ ಸರಿಯಾಗಿ 10 ಮೀಟರ್. ಬಿಟ್‌ನ ಗುರುತು 14 ಚುಕ್ಕೆ ಉದ್ದ. ಅದರ ನಡುಮಧ್ಯಕ್ಕೆ ಬರುವಂತೆ ಪಕ್ಕದ ಸಾಲಿನಲ್ಲಿ 6 ಚುಕ್ಕೆಯ ಗಡಿಯಾರ ಗುರುತು. ಈ ಚಿಕ್ಕ ಗುರುತೇ ಯಂತ್ರದ ಜೀವ. ಅದು ಶುರುವಾಗುವಾಗಲೂ ಮುಗಿಯುವಾಗಲೂ ಬಿಟ್‌ನ ಗುರುತು ಓದುವ ಸೀಳಿನ ಮೇಲೆಯೇ ಇರುತ್ತದೆ, ಹಾಗಾಗಿ ಎರಡೂ ಅಂಚುಗಳನ್ನು ಕೆಲಸಕ್ಕೆ ಹಚ್ಚಬಹುದು. ಒಟ್ಟು ನಾಲ್ಕು ಸಾಲು: ಮೊದಲ ಬಿಟ್, ಎರಡನೇ ಬಿಟ್, ಗಡಿಯಾರ, ಟೇಪಿನ ಆರಂಭ ಸೂಚಿಸುವ ಒಂಟಿ ಗುರುತು. ಕೊಲೊಸಸ್ಸಿನ ಟೇಪಿನಲ್ಲೂ ಆರಂಭಕ್ಕೆ ಮತ್ತು ಕೊನೆಗೆ ಸಾಲುಗಳ ನಡುವೆ ಬೇರೆ ತೂತುಗಳನ್ನು ಕೈಯಿಂದ ಹೊಡೆಯುತ್ತಿದ್ದರು.

ಥರ್ಮಲ್ ಕಾಗದದ ಒಂದು ಗುಣವನ್ನು ಗಮನಿಸಲೇಬೇಕು. ಅದರ ಕಪ್ಪು ನಮ್ಮ ಕಣ್ಣಿಗೆ ಮಾತ್ರ ಕಪ್ಪು. ಇನ್‌ಫ್ರಾರೆಡ್ ಬೆಳಕು ಆ ಬಣ್ಣದ ಮೂಲಕ ಹೆಚ್ಚು ಕಡಿಮೆ ಸಲೀಸಾಗಿ ದಾಟುತ್ತದೆ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಲೈನ್ ಸೆನ್ಸರುಗಳೆಲ್ಲ ಇನ್‌ಫ್ರಾರೆಡ್, ಇಲ್ಲಿ ಅವು ಕುರುಡು. ಹಾಗಾಗಿ ಕಾಗದದ ಕೆಳಗೆ ಪ್ರಖರವಾದ ಕೆಂಪು ಎಲ್‌ಇಡಿ, ಮೇಲೆ ಪಾರದರ್ಶಕ ತಲೆಯ ಫೋಟೊಟ್ರಾನ್ಸಿಸ್ಟರ್. ಕಪ್ಪು ಪ್ಲಾಸ್ಟಿಕ್ ತಲೆಯದ್ದು ಬೇಡ, ಅದು ಕೆಂಪನ್ನು ಒಳಗೆ ಬಿಡುವುದಿಲ್ಲ. ಕಾಗದ ತೆಳ್ಳಗಿರುವುದರಿಂದ ಬೆಳಕು ಚೆನ್ನಾಗಿ ದಾಟುತ್ತದೆ.

ಇನ್ನೊಂದು: ಉಜ್ಜಿದರೆ ಈ ಕಾಗದ ಕಪ್ಪಾಗುತ್ತದೆ. ಉಗುರಿನಿಂದ ಗೀರಿ ನೋಡಿ, ಗೆರೆ ಮೂಡುತ್ತದೆ. ಸೆಲೊಟೇಪಿನ ಅಂಟು ಕ್ರಮೇಣ ಮುದ್ರಣವನ್ನೇ ಮಾಸಿಸುತ್ತದೆ. ಹಾಗಾಗಿ ಸುರುಳಿಯ ಎರಡು ತುದಿ ಸೇರುವಲ್ಲಿ ಒಂದು ಗೇಣು ಖಾಲಿ ಬಿಟ್ಟು, ಅಲ್ಲಿ ಗ್ಲೂ ಸ್ಟಿಕ್ ಹಚ್ಚಿ ಒತ್ತಿಟ್ಟೆ. ಬ್ಲೆಚ್ಲಿಯಲ್ಲಿ ಟೇಪು ಅಂಟಿಸುವುದೇ ಒಂದು ನುರಿತ ಕೆಲಸವಾಗಿತ್ತು. ಯುವತಿಯರು ಅದನ್ನು ಕಲಿತು, ಒಬ್ಬರಿಂದ ಒಬ್ಬರಿಗೆ ಕಲಿಸಿ ನಡೆಸಿಕೊಂಡು ಹೋದರು. ಸುರುಳಿಯನ್ನು ಕೈಯಾರೆ ಜೋಡಿಸಿ ಓಡಬಿಟ್ಟಾಗ ಅದು ಎಂಥ ಕೆಲಸವೆಂದು ತಿಳಿಯುತ್ತದೆ: ಬೆಸೆದ ಜಾಗ ಒಂದು ಕೂದಲೆಳೆ ಓರೆಯಾದರೆ ಇಡೀ ಟೇಪು ಪ್ರತಿ ಸುತ್ತಿಗೂ ರಾಟೆಯ ಅಂಚಿಗೆ ಜರುಗುತ್ತದೆ.

ಓದುವ ತಲೆ

ಗಡಿಯಾರದ ಗುರುತು 0.75 ಮಿ.ಮೀ. ಅದನ್ನು ಸ್ಪಷ್ಟವಾಗಿ ಹಿಡಿಯಲು ಫೋಟೊಟ್ರಾನ್ಸಿಸ್ಟರಿನ ಮುಂದೆ ಅರ್ಧ ಮಿಲಿಮೀಟರಿನ ಸೀಳು ಬೇಕು. ಎರಡು ಬ್ಲೇಡ್ ತುಂಡುಗಳನ್ನು ಎದುರುಬದುರು ಇಟ್ಟು, ನಡುವೆ ವಿಸಿಟಿಂಗ್ ಕಾರ್ಡ್ ತೂರಿಸಿ, ಬ್ಲೇಡುಗಳನ್ನು ಅಂಟಿಸಿ ಕಾರ್ಡ್ ಎಳೆದುಕೊಂಡರೆ ಸೀಳು ಸಿದ್ಧ. ನಾಲ್ಕೂ ಸಾಲಿನ ಸಂಕೇತ ಒಂದು ಎಲ್‌ಎಂ339 ಕಂಪೇರೇಟರಿಗೆ ಹೋಗುತ್ತದೆ; ಬೆಳಕೋ ಕತ್ತಲೋ ಎಂದು ತೀರ್ಮಾನಿಸುವುದು ಅದೇ. ಆ ತೀರ್ಮಾನದ ಮಟ್ಟ ಹೊಂದಿಸಲು ಪ್ರತಿ ಸಾಲಿಗೂ ಒಂದು ಟ್ರಿಮ್‌ಪಾಟ್. ಅಲ್ಲಿಂದ ಅಂಚನ್ನು ಚೂಪಾಗಿಸುವ 74ಎಚ್‌ಸಿ14. ಇದನ್ನು ಬಿಡುವಂತಿಲ್ಲ. ಕಂಪೇರೇಟರಿನ ಅಂಚು ನಿಧಾನವಾಗಿ ಏರುತ್ತದೆ, ಮುಂದಿನ ಶಿಫ್ಟ್ ರಿಜಿಸ್ಟರು (ಬಿಟ್ಟುಗಳನ್ನು ಸಾಲಾಗಿ ಇಟ್ಟುಕೊಂಡು ಒಂದೊಂದೇ ಮನೆ ಸರಿಸುವ ಚಿಪ್ಪು) ಒಂದು ಏರಿಕೆಯನ್ನು ಎರಡೆಂದು ಎಣಿಸಿಬಿಡುತ್ತದೆ.

ಕೊಲೊಸಸ್ಸಿನ ಓದುವ ತಲೆಯನ್ನು ರೂಪಿಸಿದವರು ಡಾಲಿಸ್ ಹಿಲ್‌ನ ಅಂಚೆ ಸಂಶೋಧನಾ ಕೇಂದ್ರದ ಅರ್ನಾಲ್ಡ್ ಲಿಂಚ್. ಟೇಪು ಅಲ್ಲಿ ಸೆಕೆಂಡಿಗೆ ಸುಮಾರು 12 ಮೀಟರ್ ವೇಗದಲ್ಲಿ ಹೋಗುತ್ತಿತ್ತು, ಸೆಕೆಂಡಿಗೆ 5,000 ಅಕ್ಷರ. ನನ್ನದು ಅರ್ಧ ಮೀಟರ್, 200 ಅಕ್ಷರ. ಈ ವೇಗದಲ್ಲೇ ಸೀಳಿನ ಮೇಲೆ ಕೂತ ಕಾಗದದ ಧೂಳು ಒಂದು ಸಾಲನ್ನು ಮಂಕು ಮಾಡುವುದನ್ನು ನೋಡಿದಾಗ, ಅಲ್ಲಿ ಲಿಂಚ್ ಎಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿರಬೇಕೆಂಬ ಅಂದಾಜು ಸಿಗುತ್ತದೆ.

ಎರಡು ಟೇಪಿನಿಂದ ಒಂದು ಟೇಪಿಗೆ

ಕೊಲೊಸಸ್ಸಿಗೂ ಮೊದಲು ಹೀತ್ ರಾಬಿನ್ಸನ್ ಎಂಬ ಯಂತ್ರವಿತ್ತು, 1943ರ ಬೇಸಿಗೆಯದು. ಬ್ಲೆಚ್ಲಿಯ ಗಣಿತಜ್ಞ ಮ್ಯಾಕ್ಸ್ ನ್ಯೂಮನ್ ಅವರ ಯೋಜನೆ. ಅದರಲ್ಲಿ ಎರಡು ಟೇಪು ಜೊತೆಯಾಗಿ ಓಡಬೇಕಿತ್ತು: ಒಂದರ ಮೇಲೆ ಸಂದೇಶ, ಇನ್ನೊಂದರ ಮೇಲೆ ಖೈ ಚಕ್ರಗಳ ವಿನ್ಯಾಸ. ಎರಡೂ ಒಂದಕ್ಕೊಂದು ಹೆಜ್ಜೆ ತಪ್ಪದಂತೆ ಹಲ್ಲುಚಕ್ರ ಎಳೆಯುತ್ತಿತ್ತು. ಕಾಗದ ಹಿಗ್ಗುತ್ತಿತ್ತು, ತೂತುಗಳು ಹರಿಯುತ್ತಿದ್ದವು, ಹೆಜ್ಜೆ ತಪ್ಪುತ್ತಿತ್ತು.

ಇದನ್ನು ಕಣ್ಣಾರೆ ನೋಡಬೇಕೆಂದೇ ಮೊದಲ ಹಂತದಲ್ಲಿ ಎರಡು ಚಿಕ್ಕ ಸುರುಳಿ ಮಾಡಿ, ಒಂದೇ ಅಕ್ಷದ ಎರಡು ರೋಲರಿನ ಮೇಲೆ ಓಡಿಸಿದೆ. ಎರಡೂ ಸುರುಳಿಯ ಗಡಿಯಾರ ಗುರುತುಗಳನ್ನು ಆಸಿಲೋಸ್ಕೋಪಿನ ಎರಡು ಗೆರೆಯಾಗಿ ನೋಡಿದರೆ, ಒಂದು ಗೆರೆ ಇನ್ನೊಂದರಿಂದ ಮೆಲ್ಲಗೆ ಜಾರುತ್ತಾ ಹೋಗುತ್ತದೆ. ರೋಲರಿನ ದಪ್ಪದಲ್ಲಿ ಕಣ್ಣಿಗೆ ಕಾಣದ ವ್ಯತ್ಯಾಸವಿದ್ದರೆ ಸಾಕು. ಹಲ್ಲಿಲ್ಲದೆ ಎರಡು ಕಾಗದವನ್ನು ಜೊತೆಗೂಡಿಸಲಾಗದು. ಹಲ್ಲಿದ್ದರೆ ಕಾಗದ ಉಳಿಯದು.

ಫ್ಲವರ್ಸ್ ಮಾಡಿದ ತೀರ್ಮಾನ ಇಲ್ಲಿಯೇ. ವಿನ್ಯಾಸದ ಟೇಪನ್ನೇ ಕಿತ್ತುಹಾಕಿ, ಆ ವಿನ್ಯಾಸವನ್ನು ವಾಲ್ವುಗಳಲ್ಲಿ, ಅಂದರೆ ಟ್ರಾನ್ಸಿಸ್ಟರಿಗೆ ಮೊದಲು ಬಳಸುತ್ತಿದ್ದ ಗಾಜಿನ ನಳಿಕೆಗಳಲ್ಲಿ, ಹುಟ್ಟಿಸೋಣ ಎಂದರು. ಉಳಿದ ಒಂದೇ ಟೇಪನ್ನು ನಯವಾದ ರಾಟೆಗಳ ಮೇಲೆ ಓಡಬಿಟ್ಟು, ಅದರ ಚಿಕ್ಕ ತೂತುಗಳನ್ನು ಗಡಿಯಾರವೆಂದು ಓದಿ, ಇಡೀ ಯಂತ್ರ ಆ ಗಡಿಯಾರಕ್ಕೆ ಹೆಜ್ಜೆ ಹಾಕುವಂತೆ ಮಾಡಿದರು. ಕಾಗದ ಹಿಗ್ಗಲಿ, ಮೋಟಾರು ಏರಿಳಿಯಲಿ, ಗಡಿಯಾರ ಕಾಗದದ ಮೇಲೆಯೇ ಇರುವುದರಿಂದ ಏನೂ ಕೆಡುವುದಿಲ್ಲ. ನನ್ನ ಬಿಲ್ ಪ್ರಿಂಟರ್ ನಡುನಡುವೆ ದತ್ತಾಂಶಕ್ಕೆ ಕಾದು ನಿಂತು ಹೊರಡುತ್ತದೆ. ಅಲ್ಲೆಲ್ಲ ಗುರುತುಗಳ ಅಂತರ ಹೆಚ್ಚು ಕಡಿಮೆಯಾಗಿದೆ. ಎಣಿಕೆಗೆ ಅದರಿಂದ ಯಾವ ಧಕ್ಕೆಯೂ ಇಲ್ಲ.

ಹಲವರು ಅಂದು ಇದನ್ನು ನಂಬಲಿಲ್ಲ. ಸಾವಿರಾರು ವಾಲ್ವುಗಳಿದ್ದರೆ ಯಾವುದಾದರೊಂದು ಸದಾ ಸುಡುತ್ತಲೇ ಇರುತ್ತದೆ ಎಂಬುದು ಆಗಿನ ಸಾಮಾನ್ಯ ತಿಳಿವಳಿಕೆ. ಫ್ಲವರ್ಸ್ ಯುದ್ಧಕ್ಕೆ ಮೊದಲೇ ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ವಾಲ್ವುಗಳನ್ನು ದೊಡ್ಡ ಸಂಖ್ಯೆಯಲ್ಲಿ ಬಳಸಿ ನೋಡಿದ್ದವರು. ಒಮ್ಮೆ ಹಚ್ಚಿದ ಮೇಲೆ ಆರಿಸದೆ ಬಿಟ್ಟರೆ ಅವು ಬಾಳುತ್ತವೆ ಎಂದು ಅವರಿಗೆ ಗೊತ್ತಿತ್ತು. ಡಾಲಿಸ್ ಹಿಲ್‌ನ ಮುಖ್ಯಸ್ಥ ಗಾರ್ಡನ್ ರ‍್ಯಾಡ್ಲಿ ಬೆನ್ನಿಗೆ ನಿಂತರು. ಸಿಡ್ನಿ ಬ್ರಾಡ್‌ಹರ್ಸ್ಟ್, ವಿಲಿಯಂ ಚಾಂಡ್ಲರ್, ಅಲೆನ್ ಕೂಂಬ್ಸ್ ಅವರ ತಂಡದ ಮುಖ್ಯರು. ಸುಮಾರು ಹನ್ನೊಂದು ತಿಂಗಳ ದುಡಿಮೆಯ ಬಳಿಕ, 1,600ರಷ್ಟು ವಾಲ್ವುಗಳ ಮೊದಲ ಕೊಲೊಸಸ್ 1944ರ ಜನವರಿಯಲ್ಲಿ ಬ್ಲೆಚ್ಲಿಗೆ ಬಂತು. ಫೆಬ್ರವರಿ 5ರಂದು ಮೊದಲ ಸಂದೇಶದ ಮೇಲೆ ಓಡಿತು.

41 ಮನೆ, 31 ಮನೆ

ಫ್ಲವರ್ಸ್ ಚಕ್ರಗಳ ಬದಲಿಗೆ ಥೈರಟ್ರಾನ್ ಎಂಬ ಅನಿಲ ತುಂಬಿದ ವಾಲ್ವುಗಳನ್ನು ಬಳೆಯಾಕಾರದಲ್ಲಿ ಜೋಡಿಸಿದ್ದರು. ನಾನು 74ಎಚ್‌ಸಿ164 ಶಿಫ್ಟ್ ರಿಜಿಸ್ಟರುಗಳನ್ನು ಬಳಸಿದೆ. ಒಂದು ಚಿಪ್ಪಿನಲ್ಲಿ ಎಂಟು ಮನೆ, ಎಂಟಕ್ಕೂ ಔಟ್‌ಪುಟ್. ಎರಡನೇ ಚಕ್ರಕ್ಕೆ ನಾಲ್ಕು ಚಿಪ್ಪು ಸರಪಳಿ. ಕೊನೆಯದರ ಏಳನೇ ಔಟ್‌ಪುಟ್‌ನಿಂದ ತಂತಿ ಎಳೆದು ಮೊದಲನೆಯದಕ್ಕೆ ಕೊಟ್ಟರೆ 31. ಮೊದಲ ಚಕ್ರಕ್ಕೆ ಐದು ಚಿಪ್ಪು ಸೇರಿ 40. ಉಳಿದ ಒಂದು ಮನೆಗೆ 74ಎಚ್‌ಸಿ74ರ ಒಂದು ಫ್ಲಿಪ್‌ಫ್ಲಾಪ್. ಆ ಚಿಪ್ಪಿನ ಇನ್ನೊಂದು ಫ್ಲಿಪ್‌ಫ್ಲಾಪ್ ಟೇಪಿನ ಹಿಂದಿನ ಅಕ್ಷರವನ್ನು ನೆನಪಿಡುತ್ತದೆ, ವ್ಯತ್ಯಾಸ ತೆಗೆಯಲು ಅದು ಬೇಕೇ ಬೇಕು.

ವಿನ್ಯಾಸವನ್ನು ತುಂಬುವುದು ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಕಂಟ್ರೋಲರ್ ಹಲಗೆ. ಟೇಪಿನ ಖಾಲಿ ಭಾಗ ಹಾದುಹೋಗುವಾಗ 74ಎಚ್‌ಸಿ157 ಸ್ವಿಚ್ಚು ಎರಡೂ ಬಳೆಗಳನ್ನು ನ್ಯಾನೊ ಕಡೆಗೆ ತಿರುಗಿಸುತ್ತದೆ, ಹೊಸ ಆರಂಭದ ಜಾಗಕ್ಕೆ ತಕ್ಕಂತೆ ವಿನ್ಯಾಸ ಒಳಗೆ ಬರುತ್ತದೆ, ಸ್ವಿಚ್ಚು ಮತ್ತೆ ಟೇಪಿನ ಕಡೆಗೆ. ವ್ಯತ್ಯಾಸ ತೆಗೆದ ವಿನ್ಯಾಸವನ್ನೇ ತುಂಬುವುದರಿಂದ ಗೇಟುಗಳು ಉಳಿಯುತ್ತವೆ. ಅಸಲು ಯಂತ್ರದಲ್ಲಿ ಹಿಂಬದಿಯ ಫಲಕದಲ್ಲಿ ಯು ಆಕಾರದ ಪಿನ್ನುಗಳನ್ನು ಚುಚ್ಚಿ ವಿನ್ಯಾಸ ಕೂರಿಸುತ್ತಿದ್ದರು.

ಎಲ್ಲ 41 ಮನೆಗೂ ಒಂದೊಂದು ಎಲ್‌ಇಡಿ ಹಾಕಿದ್ದೇನೆ. ಅಗತ್ಯವೇನೂ ಇರಲಿಲ್ಲ, ಆದರೆ ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಅದೇ. ಮೋಟಾರು ನಿಲ್ಲಿಸಿ, ಟೇಪನ್ನು ಬೆರಳಿನಿಂದ ಒಂದು ಗುರುತು ಮುಂದಕ್ಕೆ ಎಳೆದರೆ 41 ದೀಪಗಳ ವಿನ್ಯಾಸ ಇಡಿಯಾಗಿ ಒಂದು ಮನೆ ಸರಿಯುತ್ತದೆ. ಕೊನೆಯ ಮನೆಯಲ್ಲಿದ್ದದ್ದು ಮೊದಲಿಗೆ ಬಂದು ಕೂರುತ್ತದೆ. ಟಟ್ ಚೌಕಳಿ ಕಾಗದದ ಮೇಲೆ ಕಂಡದ್ದು ಕಣ್ಣೆದುರು ನಡೆಯುತ್ತದೆ.

ಎಣಿಕೆಯ ತರ್ಕಕ್ಕೆ ಬೇಕಾದದ್ದು ಎಂಟು ಎಕ್ಸ್‌ಆರ್ ಗೇಟು, ಅಂದರೆ 74ಎಚ್‌ಸಿ86 ಎರಡೇ ಚಿಪ್ಪು. ಮೊದಲ ಬಿಟ್ ಮತ್ತು ಎರಡನೇ ಬಿಟ್ ಕೂಡಿಸಲು ಒಂದು, ಹಿಂದಿನ ಅಕ್ಷರದ ಜೊತೆ ವ್ಯತ್ಯಾಸಕ್ಕೆ ಒಂದು, ಎರಡನೇ ಚಕ್ರವನ್ನು ಸೇರಿಸಲು ಒಂದು. ಉಳಿದ ಐದು ಮೊದಲ ಚಕ್ರದ ಅಕ್ಕಪಕ್ಕದ ಐದು ಮನೆಗಳಿಗೆ. ಬಳೆಯ ಪ್ರತಿ ಮನೆಯಲ್ಲೂ ಅದೇ ವಿನ್ಯಾಸ ಒಂದೊಂದು ಹೆಜ್ಜೆ ತಡವಾಗಿ ಸಿಗುತ್ತದೆ. ಐದು ಮನೆಗೆ ತಂತಿ ಹಾಕಿದರೆ ಟೇಪು ಒಮ್ಮೆ ಸುತ್ತುವಷ್ಟರಲ್ಲಿ ಐದು ಆರಂಭದ ಜಾಗಗಳ ಎಣಿಕೆ ಮುಗಿಯುತ್ತದೆ. ಎರಡನೇ ಮಾದರಿಯ ಕೊಲೊಸಸ್ ಕೂಡ ಒಂದೇ ಓಟದಲ್ಲಿ ಐದು ಎಣಿಕೆ ಮಾಡುತ್ತಿತ್ತು, ಟೇಪಿನ ಅಕ್ಷರಗಳನ್ನೇ ಶಿಫ್ಟ್ ರಿಜಿಸ್ಟರಿನಲ್ಲಿ ಹಿಡಿದಿಟ್ಟುಕೊಂಡು. 2,400 ವಾಲ್ವುಗಳ ಆ ಯಂತ್ರ 1944ರ ಜೂನ್ 1ರಂದು ಓಡತೊಡಗಿತು, ನಾರ್ಮಂಡಿ ದಾಳಿಗೆ ಐದು ದಿನ ಮೊದಲು.

ಗಡಿಯಾರ ಗುರುತಿನ ಮುಂದಿನ ಅಂಚಿನಲ್ಲಿ ನ್ಯಾನೊ ಐದು ತಂತಿಗಳನ್ನು ಓದಿ ಸೊನ್ನೆಗಳನ್ನು ಎಣಿಸುತ್ತದೆ. ಹಿಂದಿನ ಅಂಚಿನಲ್ಲಿ ಬಳೆಗಳು ಒಂದು ಮನೆ ಸರಿಯುತ್ತವೆ.

ಮಂಚ

ಟೇಪು ಸುತ್ತುವ ಚೌಕಟ್ಟನ್ನು ಬ್ಲೆಚ್ಲಿಯಲ್ಲಿ ಮಂಚ ಎಂದೇ ಕರೆಯುತ್ತಿದ್ದರು. ನನ್ನದು ಸ್ಲಾಟೆಡ್ ಆಂಗಲ್‌ನ ಚೌಕಟ್ಟು, ಮೇಲೆ ಐದು ಕೆಳಗೆ ಐದು ರಾಟೆ, ನಡುವೆ ಒಂದು ಮೀಟರ್. ಟೇಪು ಮೇಲೆ ಕೆಳಗೆ ಹಾವಿನಂತೆ ಹರಿಯುವಾಗ ಒಮ್ಮೆ ಅದರ ಬೆನ್ನು, ಒಮ್ಮೆ ಮುದ್ರಿತ ಮುಖ ರಾಟೆಗೆ ತಾಗುತ್ತದೆ. ಹಾಗಾಗಿ ಪ್ರತಿ ರಾಟೆಯೂ 608 ಬೇರಿಂಗ್ ಮೇಲೆ ಸಲೀಸಾಗಿ ಉರುಳಬೇಕು. ಒಂದು ಬಿಗಿಯಾದರೂ ಉಜ್ಜಿ ಉಜ್ಜಿ ಟೇಪಿನ ಮೇಲೆ ಬೂದು ಪಟ್ಟಿ ಮೂಡುತ್ತದೆ. ಎಳೆಯುವುದು 200 ಆರ್‌ಪಿಎಂನ 12 ವೋಲ್ಟ್ ಗೇರ್ ಮೋಟಾರು, ಐದು ಸೆಂ.ಮೀ. ವ್ಯಾಸದ ರಬ್ಬರ್ ಸುತ್ತಿದ ರೋಲರು.

ಮೋಟಾರಿನ ಬ್ರಷ್‌ನಿಂದ ಏಳುವ ಗದ್ದಲ ಶಿಫ್ಟ್ ರಿಜಿಸ್ಟರುಗಳ ದೊಡ್ಡ ಶತ್ರು. ಒಂದು ಕಿಡಿ ಹಾರಿದರೆ ಬಳೆ ಒಂದು ಮನೆ ಹೆಚ್ಚಿಗೆ ಸರಿದುಬಿಡುತ್ತದೆ, ಅಲ್ಲಿಂದ ಮುಂದಿನ ಎಣಿಕೆಯೆಲ್ಲ ಕಸ. ಮೋಟಾರಿನ ಕಾಲುಗಳಿಗೆ 0.1 ಮೈಕ್ರೊಫ್ಯಾರಡ್, ಪ್ರತಿ ಚಿಪ್ಪಿನ ಪಕ್ಕದಲ್ಲೂ ಒಂದು, ಮೋಟಾರಿಗೆ ಬೇರೆ ಅಡಾಪ್ಟರು, ಗ್ರೌಂಡ್ ಸೇರುವುದು ಒಂದೇ ಬಿಂದುವಿನಲ್ಲಿ. ಇಷ್ಟಾದ ಮೇಲೆ ಶಾಂತವಾಯಿತು.

ಪರೀಕ್ಷೆ

ಸಂದೇಶವೂ ಇಲ್ಲದ, ಪ್ಸೈ ಚಕ್ರವೂ ಇಲ್ಲದ, ಬರೀ ಎರಡು ಖೈ ಚಕ್ರದ ಸಾಲನ್ನು ಮೊದಲು ಮುದ್ರಿಸಿದೆ. ಅದರ ಮೇಲೆ ಸರಿಯಾದ ಆರಂಭದ ಜಾಗವನ್ನು ಕೊಟ್ಟರೆ ವ್ಯತ್ಯಾಸದ 3,999 ಜೋಡಿಯಲ್ಲಿ 3,999 ಸೊನ್ನೆಯೂ ಬರಲೇಬೇಕು. ಒಂದು ಕಡಿಮೆಯಾದರೂ ಯಂತ್ರದಲ್ಲಿ ದೋಷವಿದೆ ಎಂದರ್ಥ. ಇದಕ್ಕಿಂತ ನಿಷ್ಠುರವಾದ ಪರೀಕ್ಷೆ ಇಲ್ಲ. ಟ್ರಿಮ್‌ಪಾಟುಗಳನ್ನು ಇದರ ಮೇಲೆಯೇ ಹೊಂದಿಸಬೇಕು. ಒಂದು ಅಕ್ಷರ ತಪ್ಪಾಗಿ ಓದಿದರೆ ಎರಡು ವ್ಯತ್ಯಾಸ ಕೆಡುತ್ತದೆ, ಹಾಗಾಗಿ ಕೊರತೆ ಎರಡೆರಡಾಗಿ ಬಂದರೆ ಓದುವ ತಲೆಯದ್ದು. ಒಮ್ಮೆಲೇ ಸಾವಿರದ ಲೆಕ್ಕದಲ್ಲಿ ಬಂದರೆ ಬಳೆ ಜಾರಿದ್ದು. ಜೊತೆಗೆ ಪ್ರತಿ ಸುತ್ತಿನಲ್ಲಿ ಗಡಿಯಾರ ಗುರುತು 4,000 ಇದೆಯೇ ಎಂದು ನ್ಯಾನೊ ನೋಡುತ್ತದೆ. ಇಲ್ಲದಿದ್ದರೆ ಆ ಸುತ್ತನ್ನು ಕೈಬಿಟ್ಟು ಮತ್ತೆ ಎಣಿಸುತ್ತದೆ.

ಓಟ

ನಿಜವಾದ ಟೇಪಿಗೆ ಮೂಲ ಬರಹವಾಗಿ ಕನ್ನಡ ಗದ್ಯವನ್ನೇ ತೆಗೆದುಕೊಂಡೆ, ರೋಮನ್ ಲಿಪಿಗೆ ಇಳಿಸಿ. ಪೈಥಾನ್‌ನಲ್ಲಿ ಹನ್ನೆರಡೂ ಚಕ್ರಗಳನ್ನು ಬರೆದು ಬೀಗ ಹಾಕಿಸಿದೆ. ಹೊರಡುವ ಜಾಗಗಳನ್ನು ಪ್ರೋಗ್ರಾಮೇ ಆರಿಸಿ ಒಂದು ಫೈಲಿನಲ್ಲಿ ಮುಚ್ಚಿಟ್ಟಿತು. ಕನ್ನಡ ಇಲ್ಲಿ ಒಂದು ವಿಶೇಷ ತೋರಿಸುತ್ತದೆ. ಒಂದೇ ಅಕ್ಷರ ಎರಡು ಸಲ ಒಟ್ಟಿಗೆ ಬಂದಲ್ಲಿ ವ್ಯತ್ಯಾಸ ಐದೂ ಬಿಟ್‌ನಲ್ಲಿ ಸೊನ್ನೆ. ಅಪ್ಪ, ಬೆಟ್ಟ, ಹತ್ತು, ಇಲ್ಲ: ನಮ್ಮ ದ್ವಿತ್ವಗಳೆಲ್ಲ ಹೀಗೆಯೇ. ದೀರ್ಘ ಸ್ವರವನ್ನೂ ಎರಡು ಅಕ್ಷರವಾಗಿ ಬರೆದರೆ ಅದೂ ಸೇರುತ್ತದೆ. ಜರ್ಮನ್ ಸಂದೇಶಗಳಲ್ಲಿ ಟಟ್ ನೆಚ್ಚಿಕೊಂಡ ದುರ್ಬಲತೆಯೂ ಇದೇ ಜಾತಿಯದು; ಅಲ್ಲಿನ ದ್ವಿತ್ವಗಳ ಜೊತೆಗೆ, ಸುರಕ್ಷತೆಗೆಂದು ಎರಡೆರಡು ಸಲ ಒತ್ತುತ್ತಿದ್ದ ಚಿಹ್ನೆಗಳೂ ಅವರ ಕೈಗೆ ಸಿಕ್ಕವು.

ಒಂದು ಸುತ್ತಿಗೆ ಸುಮಾರು 20 ಸೆಕೆಂಡ್. ಐದೈದಾಗಿ ಹೋದರೆ 41 ಜಾಗಕ್ಕೆ 9 ಸುತ್ತು, ಅದನ್ನು 31 ಸಲ: 279 ಸುತ್ತು, ಒಂದೂವರೆ ಗಂಟೆ. ಕೊಲೊಸಸ್ಸಿನಲ್ಲಿ ಒಂದು ಮಿತಿಯನ್ನು ಸ್ವಿಚ್ಚುಗಳಲ್ಲಿ ಕೂರಿಸುತ್ತಿದ್ದರು. ಎಣಿಕೆ ಅದನ್ನು ದಾಟಿದರೆ ಮಾತ್ರ ವಿದ್ಯುತ್ ಟೈಪ್‌ರೈಟರ್ ಅಂಕಿಯನ್ನು ಹೊಡೆಯುತ್ತಿತ್ತು. ನಾನು 2,095 ಇಟ್ಟೆ. ಅದೃಷ್ಟದಿಂದ ಆ ಗೆರೆ ದಾಟುವ ಸುಳ್ಳು ಜಾಗಗಳು ಒಂದೋ ಎರಡೋ ಇರಬಹುದೆಂಬುದು ಲೆಕ್ಕ. ಟೇಪನ್ನು ಮುದ್ರಿಸಿದ ಅದೇ ಬಿಲ್ ಪ್ರಿಂಟರಿಗೆ ಉತ್ತರವನ್ನೂ ಹೊಡೆಯಲು ಹೇಳಿದ್ದೆ.

ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ 2,101 ಎಂದು ಒಂದು ಸಾಲು. ಮತ್ತೆ ಮೌನ. ಎರಡನೇ ಚಕ್ರದ ಹತ್ತೊಂಬತ್ತನೇ ಮನೆಯ ಸರದಿಯಲ್ಲಿ ಪ್ರಿಂಟರ್ ಟರ‍್ರನೆ 2,189 ಹೊಡೆಯಿತು. ಅದರ ಅಕ್ಕಪಕ್ಕದ ನಾಲ್ಕು ಎಣಿಕೆಗಳು 2,000ದ ಆಸುಪಾಸಿನಲ್ಲೇ ಇದ್ದವು. ಮುಚ್ಚಿಟ್ಟ ಫೈಲು ತೆರೆದು ನೋಡಿದೆ: ಅದೇ ಜಾಗ. ಅಕ್ಷರ ಗೊತ್ತಿಲ್ಲದ, ಭಾಷೆ ಗೊತ್ತಿಲ್ಲದ, ಎಣಿಸಲು ಮಾತ್ರ ಬರುವ ಯಂತ್ರ ಬೀಗದ ಒಂದು ಹಲ್ಲನ್ನು ಹಿಡಿದಿತ್ತು.

ಕೊಲೊಸಸ್ ಸಂದೇಶವನ್ನು ಓದುತ್ತಿರಲಿಲ್ಲ, ಅದರ ಮುಖ್ಯ ಕೆಲಸ ಖೈ ಚಕ್ರಗಳ ಜಾಗ ಹುಡುಕುವುದು. ಪ್ಸೈ ಚಕ್ರಗಳನ್ನು ರಾಲ್ಫ್ ಟೆಸ್ಟರ್ ವಿಭಾಗದವರು ಭಾಷೆಯ ಅಂದಾಜಿನಲ್ಲಿ, ಕೈಯಿಂದಲೇ ಬಿಡಿಸುತ್ತಿದ್ದರು. ನ್ಯೂಮನ್ ವಿಭಾಗದಲ್ಲಿ ಯುದ್ಧದ ಕೊನೆಗೆ ಹತ್ತು ಕೊಲೊಸಸ್, 272 ಯುವತಿಯರು, 27 ಗಂಡಸರು. ಯಂತ್ರದ ಮುಂದೆ ನಿಂತ ಇಬ್ಬರು ಯುವತಿಯರ ಪ್ರಸಿದ್ಧ ಫೋಟೊ ಒಂದಿದೆ. ಡೊರೊಥಿ ಡು ಬ್ವಾಸನ್ ಮತ್ತು ಎಲ್ಸಿ ಬೂಕರ್ ಅವರು. ದಶಕಗಳ ಕಾಲ ತಾವು ಯುದ್ಧದಲ್ಲಿ ಏನು ಮಾಡಿದೆವೆಂದು ಮನೆಯವರಿಗೂ ಹೇಳುವಂತಿರಲಿಲ್ಲ ಈ ಹೆಂಗಸರು. ಇಂಥ ಮೌನ ನಮ್ಮ ಊರಿಗೂ ತಾಗಿದೆ: ಜಪಾನಿ ಸಂದೇಶಗಳನ್ನು ಆಲಿಸಿ ಬಿಡಿಸುತ್ತಿದ್ದ ದೆಹಲಿಯ ಆನಂದ ಪರ್ಬತ್‌ನ ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರಿಗೆ ಬೆಂಗಳೂರಿನಲ್ಲೊಂದು ಉಪಕೇಂದ್ರವಿತ್ತು. ಅಲ್ಲಿ ದುಡಿದವರನ್ನು ಇಲ್ಲಿ ಯಾರೂ ನೆನೆಯುವುದಿಲ್ಲ.

ಯುದ್ಧ ಮುಗಿದ ಮೇಲೆ ಹತ್ತರಲ್ಲಿ ಎಂಟು ಯಂತ್ರಗಳನ್ನು ಬಿಚ್ಚಿಹಾಕಿದರು. 1960ರಲ್ಲಿ ಫ್ಲವರ್ಸ್‌ಗೆ ನಕ್ಷೆಗಳನ್ನೂ ಸುಡುವಂತೆ ಆದೇಶ ಬಂತು. ಡಾಲಿಸ್ ಹಿಲ್‌ನ ಕುಲುಮೆಯಲ್ಲಿ ತಾವೇ ಸುಟ್ಟರು. ಯಂತ್ರಕ್ಕೆಂದು ಕೈಯಿಂದ ಹಾಕಿದ ಹಣಕ್ಕೂ ಸಾಲದ 1,000 ಪೌಂಡ್ ಅವರಿಗೆ ಸಿಕ್ಕ ಬಹುಮಾನ, ಅದನ್ನೂ ಜೊತೆಗಾರರಿಗೆ ಹಂಚಿದರು. 1946ರಲ್ಲಿ ಅಮೆರಿಕದ ಎನಿಯಾಕ್ ಎಂಬ ಎಲೆಕ್ಟ್ರಾನಿಕ್ ಕಂಪ್ಯೂಟರ್ ಸುದ್ದಿಯಾದಾಗ, ಅದಕ್ಕೂ ಎರಡು ವರ್ಷ ಮೊದಲೇ ಸಾವಿರಾರು ವಾಲ್ವುಗಳ ಎಲೆಕ್ಟ್ರಾನಿಕ್ ಯಂತ್ರ ದಿನವಿಡೀ ಓಡಿತ್ತೆಂದು ಬಲ್ಲವರು ಬಾಯಿ ಬಿಡುವಂತಿರಲಿಲ್ಲ. ಕೊಲೊಸಸ್ಸಿನ ಒಳಗೆ ಪ್ರೋಗ್ರಾಮನ್ನು ಇಟ್ಟುಕೊಳ್ಳುವ ನೆನಪಿರಲಿಲ್ಲ, ಸ್ವಿಚ್ಚು ಮತ್ತು ಪ್ಲಗ್ಗುಗಳಲ್ಲೇ ಅದರ ಕೆಲಸ ಬದಲಾಯಿಸಬೇಕಿತ್ತು. ಆದರೂ ಅದನ್ನು ಕಂಡಿದ್ದ ನ್ಯೂಮನ್ ಮ್ಯಾಂಚೆಸ್ಟರಿಗೆ ಹೋಗಿ ಕಂಪ್ಯೂಟರ್ ಪ್ರಯೋಗಾಲಯಕ್ಕೆ ಹಣ ತಂದರು. 1948ರ ಜೂನ್ 21ರಂದು ಪ್ರೋಗ್ರಾಮನ್ನು ತನ್ನೊಳಗೇ ಇಟ್ಟುಕೊಂಡು ಓಡಿದ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಅದೇ ವಿಶ್ವವಿದ್ಯಾಲಯದ್ದು. ಬ್ಲೆಚ್ಲಿಯಲ್ಲಿ ಇಂದು ಓಡುವ ಕೊಲೊಸಸ್, 1993ರಲ್ಲಿ ಟೋನಿ ಸೇಲ್ ಕೆಲವೇ ಫೋಟೊಗಳನ್ನೂ ಎಂಜಿನಿಯರುಗಳು ಉಳಿಸಿಕೊಂಡಿದ್ದ ಚೂರುಪಾರು ನಕ್ಷೆಗಳನ್ನೂ ಹಿಡಿದು ಮತ್ತೆ ಕಟ್ಟಲು ಹೊರಟದ್ದು. 1996ರಲ್ಲಿ ಅದು ಮತ್ತೆ ಓಡಿದಾಗ ಫ್ಲವರ್ಸ್ ಬದುಕಿದ್ದರು, ಬಂದು ನೋಡಿದರು.

ಮುಂದಿನ ಕೆಲಸ

ಎರಡು ಚಕ್ರ ಸಿಕ್ಕಿವೆ. ನಾಲ್ಕನೆಯ ಮತ್ತು ಐದನೆಯ ಖೈ ಚಕ್ರಗಳಿಗೆ ಅಂದು ಬಳಸುತ್ತಿದ್ದ ಒಂದು ಓಟವಿದೆ: ಮೊದಲೆರಡು ಬಿಟ್‌ಗಳ ವ್ಯತ್ಯಾಸ ಸಮನಾಗಿರುವ ಜಾಗಗಳನ್ನು ಮಾತ್ರ ಆರಿಸಿ, ಅಲ್ಲಿ ನಾಲ್ಕು ಮತ್ತು ಐದನೆಯವು ಸಮನಾಗಿವೆಯೇ ಎಂದು ಎಣಿಸುವುದು. ಅದಕ್ಕೆ ಐದೂ ಬಿಟ್ ಓದುವ ತಲೆ ಬೇಕು, ಅಂದರೆ ಗಡಿಯಾರ, ಆರಂಭ ಸೇರಿ ಏಳು ಸೀಳು, ಎರಡು ಎಲ್‌ಎಂ339. 26 ಮನೆಯ ಬಳೆಗೆ ನಾಲ್ಕು 74ಎಚ್‌ಸಿ164, ಕೊನೆಯದರ ಎರಡನೇ ಔಟ್‌ಪುಟ್‌ನಿಂದ ತಂತಿ; 23 ಮನೆಯದಕ್ಕೆ ಮೂರು, ಕೊನೆಯದರ ಏಳನೆಯದರಿಂದ. ಚಿಪ್ಪುಗಳು ಬಂದಿವೆ. ಸೀಳುಗಳ ಅಂತರ ಆರು ಮಿಲಿಮೀಟರಿಗೆ ಇಳಿಯುವುದರಿಂದ ಒಂದು ಎಲ್‌ಇಡಿಯ ಬೆಳಕು ಪಕ್ಕದ ಸಾಲಿಗೆ ಸೋರದಂತೆ ಕಪ್ಪು ಅಕ್ರಿಲಿಕ್ ತಡಿಕೆ ಕೊಯ್ಯಿಸುತ್ತಿದ್ದೇನೆ.